ನಾಯಿಗೆ ಚೆಂಡೆಸೆಯುವ ಯಂತ್ರ

ನಮ್ಮ ಭಾವ ಅಕ್ಕನನ್ನು ನೋಡಲೆಂದು ಮೊದಲ ಸಲ ಮನೆಗೆ ಬಂದ ದಿನ ಅಕ್ಕನನ್ನು ನೋಡಲೇ ಇಲ್ಲ. ನಮ್ಮ ಬಾಗಿಲ ಚಿಲಕ ಕೆಟ್ಟು ಎಷ್ಟೋ ಕಾಲವಾಗಿತ್ತು, ದಾರ ಕಟ್ಟಿಕೊಂಡು ದಿನ ದೂಡುತ್ತಿದ್ದೆವು. ಒಳಗೆ ಕಾಲಿಡುತ್ತಲೇ ಅವರ ಕಣ್ಣು ಅದರ ಮೇಲೆ ಬಿತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹೊಸ್ತಿಲ ಬಳಿಯೇ ಕೂತುಬಿಟ್ಟರು. ಜೊತೆಗೆ ಬಂದಿದ್ದ ಅವರ ಚಿಕ್ಕಪ್ಪ ಅಪ್ಪನ ಹತ್ತಿರ ಮಾತಾಡಿದರು, ಅಮ್ಮ ಚಹಾ ಕೊಟ್ಟಳು, ಅಕ್ಕ ಬಂದು ನಿಂತು ಒಳಗೆ ಹೋದಳು. ಚಿಲಕ ಸರಿಯಾದ ಮೇಲೆ ಭಾವ ಎದ್ದು, ಬಾಗಿಲನ್ನು ನಾಲ್ಕಾರು ಸಲ ಹಾಕಿ ತೆಗೆದು, "ಆಯ್ತು" ಅಂದರು. ಅದನ್ನೇ ಚಿಕ್ಕಪ್ಪ ಒಪ್ಪಿಗೆ ಎಂದುಕೊಂಡರು. ಅವರು ಹೋದ ಮೇಲೆ ಅಮ್ಮ, "ಹುಡುಗನಿಗೆ ಒಂದು ಸ್ಕ್ರೂ ಸಡಿಲ" ಅಂದಳು. ಅಪ್ಪ, "ಇರ್ಲಿ ಬಿಡು, ಇನ್ಮೇಲೆ ರಿಪೇರಿ ಖರ್ಚಿಲ್ಲ" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಸ್ಕ್ರೂ ಎಂದಾಯಿತು.

ಕಣ್ಣಿಗೆ ಬಿದ್ದ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಡುವ ಜಾಯಮಾನ ಭಾವನದಲ್ಲ. ಹಾಲು ಉಕ್ಕುವ ಮೊದಲು ಗಂಟೆ ಹೊಡೆಯುವ ತಟ್ಟೆಯೊಂದನ್ನು ಅಕ್ಕನಿಗೆ ಮಾಡಿಕೊಟ್ಟರು. ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ ಅದು ಗಂಟೆ ಹೊಡೆಯಿತು. ಬಟ್ಟೆ ಒಣಹಾಕುವ ಹಗ್ಗವನ್ನು ತಮ್ಮ ಮನೆಯ ಕಿಟಕಿಯಿಂದ ಎದುರು ಮನೆಯ ಕಿಟಕಿಗೆ ರಾಟೆಯ ಮೇಲೆ ಓಡಿಸಿದರು. ಎದುರು ಮನೆಯವಳ ಬಟ್ಟೆ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೋಗಿ ಬೀದಿ ಜಗಳವಾಯಿತು. ಜಂಬಕ್ಕೇನೂ ಕಡಿಮೆಯಿರಲಿಲ್ಲ. "ನನ್ನ ತಲೇಲಿರೋದನ್ನೆಲ್ಲ ಹೊರಗೆ ತೆಗೆದ್ರೆ ಈ ಮನೇಲಿ ಇಡೋಕೆ ಜಾಗ ಸಾಲಲ್ಲ" ಎನ್ನುತ್ತಿದ್ದರು. ಅವರಿಬ್ಬರ ಮನೆಯೆಂದರೆ ಒಂದೇ ಕೋಣೆ, ಆದ್ದರಿಂದ ಮಾತು ಸುಳ್ಳೇನಲ್ಲ.

ಅವರು ಡಬ್ಬಿ ಮುಚ್ಚಳದ ಕಾರ್ಖಾನೆಯಲ್ಲಿ ಫಿಟ್ಟರ್. ಮುಲಾಮು, ಪಾಲಿಶ್ ತುಂಬುವ ಚಪ್ಪಟೆ ಡಬ್ಬಿಗಳಿರುತ್ತವಲ್ಲ, ಅವುಗಳ ಮುಚ್ಚಳ. ಮದುವೆಯಾದ ಮೇಲೆ ಅಕ್ಕ ಅಲ್ಲೇ ಪ್ರೆಸ್ಸಿಗೆ ಸೇರಿದಳು, ಅವಳ ಬೆನ್ನಿಗೆ ನಾನು ಪ್ಯಾಕಿಂಗಿಗೆ. ಉದ್ದನೆಯ ಶೆಡ್ಡು, ಗೋಡೆಯುದ್ದಕ್ಕೂ ಪ್ರೆಸ್ಸುಗಳು, ಒಂದೊಂದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಹೆಂಗಸು. ಎಡಗೈಯಿಂದ ತಗಡಿನ ಬಿಲ್ಲೆಯನ್ನು ಅಚ್ಚಿನೊಳಗೆ ಇಡಬೇಕು, ಕಾಲಿನಿಂದ ಪೆಡಲ್ ಒತ್ತಬೇಕು, ಮೇಲಿನ ಅಚ್ಚು ದಡ್ ಎಂದು ಬಿದ್ದು ಎದ್ದ ಮೇಲೆ ಬಲಗೈಯಿಂದ ಮುಚ್ಚಳ ತೆಗೆಯಬೇಕು. ಕೂಲಿ ಪೀಸ್ ಲೆಕ್ಕದಲ್ಲಿ, ಎಷ್ಟು ಮುಚ್ಚಳವೋ ಅಷ್ಟು, ದಿನಕ್ಕೆ ಇಷ್ಟು ಪೀಸ್ ಆಗಬೇಕೆಂಬ ಲೆಕ್ಕ ಬೇರೆ. ಕೈಗೂ ಕಾಲಿಗೂ ತಾಳ ತಪ್ಪಿದರೆ ಮುಚ್ಚಳದ ಜೊತೆ ಬೆರಳೂ ಹೊರಗೆ ಬರುತ್ತಿತ್ತು. ಹತ್ತೂ ಬೆರಳಿದ್ದವರನ್ನು ನೋಡಿ, ಇವರು ಹೊಸಬರು ಎಂದು ನಾವು ಗುರುತು ಹಿಡಿಯುತ್ತಿದ್ದೆವು.

ಅಕ್ಕನಿಗೆ ಹತ್ತೂ ಇದ್ದವು. ಆ ಪ್ರೆಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಭಾವನಿಗೆ ಅವುಗಳ ಹಲ್ಲು ಎಷ್ಟು ಹರಿತ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಬೇರೆ ಕೆಲಸ ನೋಡು ಎಂದು ಹೆಂಡತಿಗೆ ಹೇಳುವ ಹಾಗೂ ಇರಲಿಲ್ಲ, ಇಬ್ಬರ ಕೂಲಿಯಿಲ್ಲದಿದ್ದರೆ ಆ ಒಂದು ಕೋಣೆಯೂ ಉಳಿಯುತ್ತಿರಲಿಲ್ಲ. "ಏನಾದ್ರೂ ಆಗೋಕೆ ಮುಂಚೆ ಅವಳ ಕೈನ ಅಲ್ಲಿಂದ ಹೊರಗೆ ತೆಗೀಬೇಕು" ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಅದೊಂದನ್ನೇ ತಲೆಗೆ ಹಚ್ಚಿಕೊಂಡರು.

ಮೊದಲು ಮಾಡಿದ್ದು ಜೋಡಿ ಹಿಡಿ. ಅಕ್ಕನ ಪ್ರೆಸ್ಸಿನ ಪೆಡಲನ್ನು ಒಳಗಿನಿಂದ ಕಳಚಿ ನಿರ್ಜೀವ ಮಾಡಿದರು. ಪ್ರೆಸ್ಸಿನ ಎರಡು ಬದಿಗೂ ಸೈಕಲ್ ಬ್ರೇಕಿನ ಹಿಡಿ ಕೂರಿಸಿ, ಹಳೆಯ ಬಸ್ಸಿನ ಬಾಗಿಲಿಂದ ಕಿತ್ತು ತಂದ ಒಂದು ಗಟ್ಟಿ ಸ್ಪ್ರಿಂಗಿಗೆ ಅವುಗಳ ತಂತಿ ಬಿಗಿದರು. ಎರಡು ಹಿಡಿಯನ್ನೂ ಒಟ್ಟಿಗೆ ಎಳೆದರೆ ಮಾತ್ರ ಅಚ್ಚು ಕೆಳಗೆ ಬರುತ್ತದೆ. ಎರಡು ಕೈಯೂ ಹಿಡಿಯ ಮೇಲಿದ್ದರೆ ಅಚ್ಚಿನೊಳಗೆ ಸಿಕ್ಕಲು ಕೈ ಎಲ್ಲಿಂದ ಬರಬೇಕು?

ಕೈ ಉಳಿಯಿತು, ಮುಚ್ಚಳ ಕಡಿಮೆಯಾಯಿತು. ಇಟ್ಟು, ಕೈ ಹೊರಗೆ ತಂದು, ಎರಡೂ ಹಿಡಿ ಎಳೆದು, ಮತ್ತೆ ಕೈ ಒಳಗೆ ಹಾಕುವಷ್ಟರಲ್ಲಿ ಪಕ್ಕದವಳದು ಎರಡು ಮುಚ್ಚಳ ಮುಗಿದಿರುತ್ತಿತ್ತು. ಭಾವ ಆ ಪಕ್ಕದವಳಿಗೂ ಜೋಡಿ ಹಿಡಿ ಹಾಕಿಕೊಡುತ್ತೇನೆ ಅಂದರು. ಎರಡು ಬೆರಳು ಕಳೆದುಕೊಂಡಿದ್ದ ಹೆಂಗಸು ಆಕೆ. "ಬೇಡಣ್ಣ. ಬೆರಳು ಹೋಗೋದು ಯಾವತ್ತೋ, ಕೂಲಿ ಕಡಿಮೆ ಆಗೋದು ಈ ಶನಿವಾರಾನೇ" ಎಂದಳು. ಅಕ್ಕ ಕೂಡ ಕೊನೆಗೆ ಎಡಗಡೆಯ ಹಿಡಿಯನ್ನು ಬಟ್ಟೆ ಚೂರಿನಿಂದ ಎಳೆದು ಕಟ್ಟಿದಳು, ಬಲಗಡೆಯದು ಒಂದನ್ನೇ ಎಳೆದರೆ ಸಾಕೆನ್ನುವ ಹಾಗೆ. ಭಾವ ನೋಡಿ ಬಿಚ್ಚಿದರು, ಅವರು ಆಚೆ ಹೋದ ಮೇಲೆ ಇವಳು ಮತ್ತೆ ಕಟ್ಟಿದಳು. ಗಂಡ ಹೆಂಡಿರ ಮಧ್ಯೆ ನಾಲ್ಕು ದಿನ ಮಾತಿಲ್ಲ.

ಹಾಗೆ ಕಟ್ಟಿದರೂ ಬಲಗೈ ಹಿಡಿಯ ಮೇಲಿರಲೇಬೇಕಿತ್ತು. ಅಚ್ಚು ಬೀಳಬೇಕೋ ಬೇಡವೋ ಎನ್ನುವುದು ಅವಳ ಕೈಯಲ್ಲೇ ಇತ್ತು, ಅದು ಪೆಡಲಿಗಿಂತ ಸಾವಿರ ಪಾಲು ವಾಸಿ. ನಿರ್ಜೀವವಾದ ಪೆಡಲ್ ಕೆಳಗೆ ಹಾಗೇ ಇತ್ತು. ದಿನವಿಡೀ ಸ್ಟೂಲಿನ ಮೇಲೆ ಕೂತು ಕಾಲು ಜೋಮು ಹಿಡಿಯುತ್ತಿದ್ದುದರಿಂದ ಅಕ್ಕ ಅದರ ಮೇಲೆ ಕಾಲಿಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ನಿಮಗೆಲ್ಲ ಇಲ್ಲದ ಕಾಲುಮಣೆ ನನಗಿದೆ ಎಂದು ಉಳಿದವರನ್ನು ಛೇಡಿಸುತ್ತಿದ್ದಳು.

ಭಾವನಿಗೆ ಸಮಾಧಾನವಿರಲಿಲ್ಲ. ಕೈಯನ್ನು ಕಾಯುವ ಯಂತ್ರ ಕೂಲಿಯನ್ನೂ ಕಾಯದಿದ್ದರೆ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ ಎನ್ನುವುದು ಅರ್ಥವಾಗಿತ್ತು. ಹಾಗಾಗಿ ಜಾರುಬಂಡೆ ಹುಟ್ಟಿತು. ಮಕ್ಕಳು ಜಾರುವಂಥದ್ದೇ ಒಂದು ಪುಟ್ಟ ತಗಡಿನ ಪಟ್ಟಿ. ಮೇಲಿನಿಂದ ಬಿಲ್ಲೆಗಳು ಒಂದೊಂದಾಗಿ ಜಾರಿ ಅಚ್ಚಿನೊಳಗೆ ಕೂರುತ್ತವೆ, ಅಚ್ಚು ಎದ್ದ ಕೂಡಲೇ ಸ್ಪ್ರಿಂಗಿನ ತೋಳೊಂದು ಫಟ್ ಎಂದು ಬಂದು ಮುಚ್ಚಳವನ್ನು ಬುಟ್ಟಿಗೆ ಎಸೆಯುತ್ತದೆ. ಕೈ ಒಳಗೆ ಹೋಗುವ ಮಾತೇ ಇಲ್ಲ, ಮುಚ್ಚಳವೂ ಮೊದಲಿಗಿಂತ ಹೆಚ್ಚು. ಒಂದು ಹಲಗೆಯ ಮೇಲೆ ಮಾದರಿ ಮಾಡಿ ನಮ್ಮ ಮುಂದೆ ಓಡಿಸಿದರು. ಬೆಪ್ಪಾಗಿ ನೋಡಿದೆವು. ಅಕ್ಕ ಮಾತ್ರ, "ಇದು ಯಾವಾಗ ಹಾಕ್ತೀರಿ ರೀ?" ಅಂದಳು. ಪ್ರೆಸ್ ಒಂದು ವಾರ ನಿಲ್ಲಬೇಕು, ಒಂದಿಷ್ಟು ಒಳ್ಳೆಯ ಬೇರಿಂಗು ಬೇಕು, ಅದಕ್ಕೆ ಮಾಲೀಕರ ಅಪ್ಪಣೆಯಾಗಬೇಕು. ಭಾವ ಮಾದರಿಯನ್ನು ಹೊತ್ತುಕೊಂಡು ಆಫೀಸಿಗೆ ಹೋದರು. ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡು ನಾನೂ ಹೋದೆ.

ಮಾಲೀಕರು ಕೆಟ್ಟವರೇನಲ್ಲ, ಅವರು ಯಾರನ್ನೂ ಬೈದದ್ದನ್ನು ನಾನು ಕಂಡಿಲ್ಲ. ಮಾದರಿಯನ್ನು ಮೂರು ಸಲ ಓಡಿಸಿ ನೋಡಿದರು. ತೋಳು ಮುಚ್ಚಳ ಎಸೆದಾಗಲೆಲ್ಲ ಹುಡುಗರ ಹಾಗೆ ನಕ್ಕರು.

"ಭಲೇ ಕಣಪ್ಪ. ಏನ್ ತಲೆ ನಿಂದು" ಅಂದರು.

"ಹಾಕೋಣ್ವಾ ಸರ್? ಮೊದ್ಲು ಒಂದು ಪ್ರೆಸ್ಸಿಗೆ ಹಾಕಿ ನೋಡೋಣ."

"ಕೂತ್ಕೋ, ಹೇಳ್ತೀನಿ. ಇದು ಕೆಟ್ರೆ ಯಾರು ರಿಪೇರಿ ಮಾಡಿಸ್ಬೇಕು? ನಾನು. ಎಣ್ಣೆ, ಬೇರಿಂಗು, ಸ್ಪ್ರಿಂಗು ಎಲ್ಲ ನಂದು. ಒಬ್ಬ ಹೆಂಗಸಿಗೆ ಏನಾದ್ರೂ ಆದ್ರೆ ಗೇಟಿನ ಹೊರಗೆ ಹೋಗಿ ಒಂದು ಕೂಗು ಹಾಕಿದ್ರೆ ಹತ್ತು ಜನ ಓಡಿ ಬರ್ತಾರೆ. ಅವರ ಎಣ್ಣೆ ಬೆಣ್ಣೆ ಎಲ್ಲ ಅವರವರೇ ನೋಡ್ಕೋತಾರೆ. ನನಗ್ಯಾಕಪ್ಪ ಯಂತ್ರ? ಕೂಲಿ ನಾಲ್ಕು ಪಟ್ಟು ಆಗ್ಲಿ, ಅವತ್ತು ನಾನೇ ನಿನ್ನ ಮನೆ ಬಾಗಿಲಿಗೆ ಬಂದು ಇದನ್ನ ಕೇಳ್ತೀನಿ."

ಇದನ್ನು ಅವರು ಅಷ್ಟು ಅಕ್ಕರೆಯಿಂದ, ಬೆನ್ನು ತಟ್ಟಿ ಹೇಳಿದರು. ಸುಳ್ಳಂತೂ ಹೇಳಲಿಲ್ಲ. ನಮ್ಮ ಕೂಲಿ ಅಗ್ಗವಾದ್ದರಿಂದಲೇ ನಮ್ಮ ಬೆರಳು ಅಗ್ಗ, ಬೆರಳು ಅಗ್ಗವಾಗಿರುವ ಕಡೆ ಜಾರುಬಂಡೆ ದುಬಾರಿ. ಬಾಗಿಲ ಬಳಿ ನಿಂತು ಇದನ್ನು ಕೇಳಿಸಿಕೊಂಡ ನನಗೆ ಮೈಯೆಲ್ಲ ಉರಿಯಿತು. ಮಾಲೀಕರ ಕಣ್ಣು ಇನ್ನೂ ಆ ತೋಳಿನ ಮೇಲೇ ಇತ್ತು. "ಇದು ಚೆಂಡು ಎಸೆಯತ್ತಾ?" ಎಂದು ಕೇಳಿದರು.

ಅವರ ಮನೆಯಲ್ಲಿ ಉದ್ದ ಕೂದಲಿನ ಒಂದು ದೊಡ್ಡ ನಾಯಿಯಿತ್ತು. ಚೆಂಡು ಎಸೆಯುತ್ತಲೇ ಇರಬೇಕು, ಅದು ತರುತ್ತಲೇ ಇರಬೇಕು, ಇಲ್ಲದಿದ್ದರೆ ಮನೆಯೆಲ್ಲ ಹಾರಾಡುತ್ತಿತ್ತಂತೆ. ಎಸೆದೆಸೆದು ಯಜಮಾನಿಯ ಭುಜ ನೋಯುತ್ತಿತ್ತಂತೆ. ಮರುದಿನದಿಂದ ಭಾವನಿಗೆ ಶೆಡ್ಡಿನಲ್ಲಿ ಅರ್ಧ ದಿನ, ಮಾಲೀಕರ ಮನೆಯಲ್ಲಿ ಅರ್ಧ ದಿನ ಕೆಲಸ. ಕೂಲಿಯೂ ಹೆಚ್ಚಾಯಿತು.

ಭಾವ ಬಲವಂತಕ್ಕೆ ಹೋದರು ಎಂದು ಯಾರೂ ತಿಳಿಯಬೇಡಿ, ಖುಷಿಯಿಂದ ಹೋದರು. ಗ್ಯಾರೇಜಿನಲ್ಲಿ ಅವರಿಗೆಂದೇ ಮೇಜು ಹಾಕಿಸಿದ್ದರು. ಡ್ರಿಲ್ ಮಿಶಿನ್ ಕೇಳಿದರೆ ಸಂಜೆಯೊಳಗೆ ಬರುತ್ತಿತ್ತು. ಬೇರಿಂಗ್ ಬೇಕೆಂದರೆ ಯಾವ ಸೈಜು ಎಂದಷ್ಟೇ ಕೇಳುತ್ತಿದ್ದರು, ಯಾಕೆ ಎಂದು ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಸದ ರಾಶಿಯಲ್ಲಿ ಸ್ಪ್ರಿಂಗ್ ಹುಡುಕಿದ ಮನುಷ್ಯನಿಗೆ ಹೇಗಾಗಿರಬೇಡ? ಮೊದಲು ಕಾರಿನ ಹಾರ್ನ್ ಕೇಳಿದರೆ ತಾನೇ ತೆರೆಯುವ ಗೇಟು ಮಾಡಿದರು. ಆಮೇಲೆ ಮಾಲೀಕರ ತಾಯಿ ಕೂರುವ ಕುರ್ಚಿಯನ್ನು ಬಿಸಿಲಿನ ಜೊತೆ ತಿರುಗುವ ಹಾಗೆ ಮಾಡಿದರು. ಆಮೇಲೆ ಚೆಂಡಿನ ಯಂತ್ರ. ಹಲಗೆಯ ಮೇಲಿದ್ದ ಜಾರುಬಂಡೆ, ತೋಳು ಎರಡೂ ಬಿಚ್ಚಿಕೊಂಡು ಅದರೊಳಗೆ ಹೋದವು.

"ನಮ್ಮದು ಯಾವಾಗ?" ಎಂದು ಅಕ್ಕ ಕೇಳುತ್ತಿದ್ದಳು.

"ಇದೊಂದು ಮುಗೀಲಿ ಕಣೇ. ಖುಷಿಯಲ್ಲಿದ್ದಾಗ ಕೇಳಿದ್ರೆ ಇಲ್ಲ ಅನ್ನಲ್ಲ ಅವರು."

ಪಾಪ, ನಂಬಿಕೊಂಡೇ ಹೇಳುತ್ತಿದ್ದರು. ಅಷ್ಟು ಓಡುವ ತಲೆ ಇದೊಂದು ವಿಷಯದಲ್ಲಿ ಮಾತ್ರ ಕುಂಟುತ್ತಿತ್ತು.

ಚೆಂಡಿನ ಯಂತ್ರವನ್ನು ಎಲ್ಲರಿಗೂ ತೋರಿಸಲು ಮಾಲೀಕರು ಒಂದು ಸಂಜೆ ಊಟಕ್ಕೆ ಜನರನ್ನು ಕರೆದರು. ಅವತ್ತೇ ಮಧ್ಯಾಹ್ನ, ತಂದಿದ್ದ ಹೊಸ ಸ್ಪ್ರಿಂಗ್ ಪಟ್ ಎಂದು ಮುರಿಯಿತು. ಅಂಗಡಿಯವನ ಹತ್ತಿರ ಅಂಥದ್ದು ಇನ್ನೊಂದಿರಲಿಲ್ಲ, ತರಿಸಿಕೊಡಲು ಎರಡು ದಿನ ಬೇಕೆಂದ. ಭಾವ ಶೆಡ್ಡಿಗೆ ಓಡಿ ಬಂದರು. ನಾನು ಪ್ಯಾಕಿಂಗ್ ಮೇಜಿನಿಂದ ನೋಡುತ್ತಿದ್ದೆ, ನೇರ ಅಕ್ಕನ ಪ್ರೆಸ್ಸಿನ ಬಳಿಗೆ ಹೋದರು.

"ಆ ಬಸ್ಸಿನ ಸ್ಪ್ರಿಂಗ್ ತಗೊಂಡು ಹೋಗ್ತೀನಿ. ನಾಡಿದ್ದು ವಾಪಸ್ ಹಾಕ್ತೀನಿ."

"ತಗೊಂಡು ಹೋಗಿ. ಹೇಗೂ ಅರ್ಧ ಕಟ್ಟೇ ಇಟ್ಟಿದೀನಲ್ಲ" ಎಂದು ಅಕ್ಕ ನಕ್ಕಳು. "ಆಮೇಲಾದ್ರೂ ಜಾರುಬಂಡೆ ಕೇಳ್ತೀರಲ್ವಾ?"

"ಇವತ್ತೇ ಕೇಳ್ತೀನಿ." ಸ್ಪ್ರಿಂಗ್ ಬಿಚ್ಚಿಕೊಂಡು ಪ್ರೆಸ್ಸಿನ ಕೆಳಗಿನಿಂದ ಎದ್ದರು. "ನೋಡು, ಪೆಡಲ್ ಮತ್ತೆ ಜೋಡಿಸಿದೀನಿ. ಈಗ ಅದಕ್ಕೆ ಜೀವ ಇದೆ. ಗೊತ್ತಾಯ್ತಾ?"

"ಗೊತ್ತಾಯ್ತು ಹೋಗಿ. ನಾನೇನು ಮಗೂನಾ?"

ಅವಳು ಮರೆಯಲಿಲ್ಲ. ಮೊದಲ ಬುಟ್ಟಿ ಮುಗಿಯುವ ತನಕ ಪೆಡಲನ್ನು ನೋಡಿ ನೋಡಿಯೇ ಒತ್ತಿದಳು. ಅವಳಿಗೆ ನೆನಪಿತ್ತು, ಅವಳ ಕಾಲಿಗೆ ನೆನಪಿರಲಿಲ್ಲ. ಆರು ತಿಂಗಳಿಂದ ಅದು ಆ ಪೆಡಲಿನ ಮೇಲೆ ಮಲಗಿ ಅಭ್ಯಾಸವಾಗಿತ್ತು. ಬಿಲ್ಲೆಯೊಂದು ಓರೆಯಾಗಿ ಕೂತಿತು, ಸರಿ ಮಾಡಲು ಅಕ್ಕ ಮುಂದಕ್ಕೆ ಬಾಗಿ ಬಲಗೈ ಒಳಗೆ ಹಾಕಿದಳು, ಬಾಗಿದ ಮೈಯ ಭಾರವನ್ನು ಎಂದಿನ ಹಾಗೆ ಕಾಲುಮಣೆಯ ಮೇಲೆ ಬಿಟ್ಟಳು. ಅವಳು ಕೂಗಲೂ ಇಲ್ಲ. ಪಕ್ಕದವಳು ಕೂಗಿದ್ದು ಕೇಳಿ ನಾನು ತಿರುಗಿ ನೋಡಿದೆ. ಹೆಬ್ಬೆರಳೊಂದು ಬಿಟ್ಟು ಉಳಿದ ನಾಲ್ಕೂ ಹೋಗಿದ್ದವು.

ಸೂಪರ್‌ವೈಸರ್ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಭಾವನನ್ನು ಕರೆಯಲು ಮಾಲೀಕರ ಮನೆಗೆ ಓಡಿದೆ. ಗೇಟು ಮುಚ್ಚಿತ್ತು. ತಳ್ಳಿದೆ, ಬಡಿದೆ, ಕೂಗಿದೆ. ಅದು ಕಾರಿನ ಹಾರ್ನಿಗೆ ಬಿಟ್ಟು ಬೇರೆ ಯಾವುದಕ್ಕೂ ತೆರೆಯುವುದಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಅಷ್ಟು ಚೆನ್ನಾಗಿ ಮಾಡಿದ್ದರು. ಒಳಗಿನಿಂದ ನಗು, ಚಪ್ಪಾಳೆ ಕೇಳುತ್ತಿತ್ತು. ಬೀದಿಯಲ್ಲಿ ಹಾಗೇ ನಿಂತಿದ್ದೆ. ತಡವಾಗಿ ಬಂದ ಅತಿಥಿಯೊಬ್ಬರ ಕಾರು ಹಾರ್ನ್ ಮಾಡಿದ ಮೇಲೆ ಅದರ ಹಿಂದೆಯೇ ನುಗ್ಗಿದೆ.

ಹುಲ್ಲುಹಾಸಿನ ನಡುವೆ ಭಾವ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಂತ್ರದ ಪಕ್ಕ ನಿಂತಿದ್ದರು. ತೋಳು ಫಟ್ ಎಂದು ಚೆಂಡನ್ನು ಗೋಡೆಯಾಚೆ ಹೋಗುವಷ್ಟು ಎತ್ತರಕ್ಕೆ ಎಸೆಯಿತು. ನಾಯಿ ಓಡಿತು. ಜನ ಓಹೋ ಅಂದರು. ನಾನು ಹೋಗಿ ಕಿವಿಯಲ್ಲಿ ಹೇಳಿದೆ.

ಭಾವನ ಬಾಯಿಂದ ಮೊದಲು ಬಂದ ಮಾತು, "ಪೆಡಲ್ ಮೇಲೆ ಕಾಲಿತ್ತಾ?"

ಇತ್ತು ಅಂದೆ. ಹೌದು ಹೌದು ಎನ್ನುವಂತೆ ತಲೆ ಆಡಿಸಿದರು, ಯಾವುದೋ ಲೆಕ್ಕ ಸರಿಹೋದ ಹಾಗೆ. ಆಮೇಲೆ ಆ ಹುಲ್ಲಿನ ಮೇಲೆ ಕುಸಿದು ಕೂತರು. ನಾಯಿ ಚೆಂಡು ತಂದು ಅವರ ಮಡಿಲಿಗೆ ಹಾಕಿ ಬಾಲ ಅಲ್ಲಾಡಿಸಿತು.

ಆಸ್ಪತ್ರೆಯ ಖರ್ಚನ್ನು ಮಾಲೀಕರೇ ಕೊಟ್ಟರು, ಅದನ್ನು ಮುಚ್ಚಿಡಬಾರದು. ಗಾಯ ಸ್ವಲ್ಪ ಮಾಯ್ದ ಮೇಲೆ ಅಕ್ಕನನ್ನು ಕರೆಸಿ ಕೆಲಸವನ್ನೂ ಕೊಟ್ಟರು. ಚೆಂಡಿನ ಯಂತ್ರದಲ್ಲಿ ಒಂದು ಕೊರತೆಯಿತ್ತು. ನಾಯಿ ಚೆಂಡನ್ನು ತಂದು ಮನುಷ್ಯರ ಮುಂದೆ ಹಾಕುತ್ತಿತ್ತೇ ಹೊರತು ಯಂತ್ರದ ಜಾರುಬಂಡೆಗೆ ಹಾಕಲು ಕಲಿಯಲಿಲ್ಲ. ಯಾರಾದರೂ ಎತ್ತಿ ಹಾಕಬೇಕಿತ್ತು. ಅದಕ್ಕೆ ಒಂದು ಕೈ ಸಾಕು. ನೆರಳಿನಲ್ಲಿ ಕುರ್ಚಿ, ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು, ಕೂಲಿ ಶೆಡ್ಡಿಗಿಂತ ಹೆಚ್ಚು. ತನ್ನ ಕೈ ಉಳಿಸಲೆಂದು ಗಂಡ ಕಂಡುಹಿಡಿದ ಜಾರುಬಂಡೆಗೆ ಅಕ್ಕ ಈಗ ಎಡಗೈಯಿಂದ ಜೊಲ್ಲು ಮೆತ್ತಿದ ಚೆಂಡು ಹಾಕುತ್ತಾಳೆ.

"ದೇವರಂಥೋರು ಕಣೇ. ಇಲ್ದಿದ್ರೆ ನಮ್ಮ ಗತಿ ಏನಾಗಿರೋದು?" ಎಂದಳು ಒಂದು ದಿನ.

ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಅವಳ ಬಲಗೈಯ ಬಟ್ಟೆ ಬದಲಾಯಿಸುತ್ತಿದ್ದೆ, ಗಂಟು ಹಾಕಿದೆ. ಭಾವ ಮೂಲೆಯಲ್ಲಿ ಕೂತು ಕಾಗದದ ಮೇಲೆ ಏನೋ ಗೀಚುತ್ತಿದ್ದರು. ಏನದು ಎಂದರೆ, ಮಾಲೀಕರ ಮೊಮ್ಮಗಳ ಗೊಂಬೆಮನೆಗೆ ಲಿಫ್ಟ್ ಅಂತೆ. ಈಗ ಅವರಿಗೆ ಇಡೀ ದಿನ ಮಾಲೀಕರ ಮನೆಯಲ್ಲೇ ಕೆಲಸ, ಶೆಡ್ಡಿನ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ತಲೆಯಲ್ಲಿ ಮೊದಲಿನಷ್ಟೇ ಇದೆ, ಕಡಿಮೆಯೇನೂ ಆಗಿಲ್ಲ. ಕೊಳ್ಳುವವರು ಏನು ಕೇಳುತ್ತಾರೋ ಅದು ಮಾತ್ರ ಹೊರಗೆ ಬರುತ್ತದೆ, ಅಷ್ಟೇ. ನಮಗೆ ಬೇಕಾದದ್ದನ್ನು ಕೇಳಲು ನಮ್ಮ ಹತ್ತಿರ ಏನಿದೆ?

ಅಕ್ಕನ ಪ್ರೆಸ್ ಖಾಲಿ ಬಿಡಲಿಲ್ಲ. "ಆ ಜಾಗ ಮನೆಯವರಿಗೇ ಹೋಗ್ಲಿ" ಎಂದು ಮಾಲೀಕರು ಹೇಳಿ ಕಳಿಸಿದರು. ಪ್ಯಾಕಿಂಗಿಗಿಂತ ಪ್ರೆಸ್ಸಿಗೆ ಕೂಲಿ ಜಾಸ್ತಿ, ಗೇಟಿನ ಹೊರಗೆ ಬೇರೆಯವರು ಕಾಯುತ್ತಿದ್ದರು. ಬೇಡ ಎನ್ನಲು ನನಗೇನು ಹುಚ್ಚೇ? ಈಗ ಆ ಸ್ಟೂಲಿನ ಮೇಲೆ ನಾನು ಕೂರುತ್ತೇನೆ.

ಮೊನ್ನೆ ಭಾವ ಗೊಂಬೆಮನೆಗೆ ತಗಡಿನ ಚೂರು ಆರಿಸಿಕೊಳ್ಳಲು ಶೆಡ್ಡಿಗೆ ಬಂದರು. ಅಷ್ಟು ದಿನದಿಂದ ಈ ಕಡೆ ತಲೆ ಹಾಕದವರು ನನ್ನ ಪಕ್ಕ ಬಂದು ನಿಂತರು. ನನ್ನ ಕೈಯನ್ನೇ ನೋಡುತ್ತಿದ್ದರು.

"ನಿನಗೆ ಜೋಡಿ ಹಿಡಿ ಹಾಕಿಕೊಡ್ಲಾ? ಸ್ಪ್ರಿಂಗ್ ಈಗ ಬೇಕಾದಷ್ಟಿದೆ" ಅಂದರು.

ಈ ಮನುಷ್ಯ ಕೈಗೆ ಸಿಕ್ಕರೆ ಏನೇನು ಅನ್ನಬೇಕು ಎಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಕೂಡಿಟ್ಟಿದ್ದೆ. ಬುಟ್ಟಿಯ ಕಡೆ ನೋಡಿದೆ. ಊಟದ ಹೊತ್ತಾಗಿತ್ತು, ಅದು ಅರ್ಧವೂ ತುಂಬಿರಲಿಲ್ಲ. ಸೂಪರ್‌ವೈಸರ್ ಬೆಳಗಿನಿಂದ ಎರಡು ಸಲ ಬಂದು ನೋಡಿ ಹೋಗಿದ್ದ.

"ಬೇಡ ಭಾವ, ಅದು ನಿಧಾನ. ಪೆಡಲ್ ತುಂಬ ಗಡುಸಾಗಿದೆ, ಸಂಜೆ ಹೊತ್ತಿಗೆ ಕಾಲು ಬಿದ್ದುಹೋಗತ್ತೆ. ಅದನ್ನೊಂಚೂರು ಹಗುರ ಮಾಡಿಕೊಡಿ, ಪೀಸ್ ಆಗ್ತಿಲ್ಲ."

ಪೆಡಲ್ ಹಗುರವಾದರೆ ಏನರ್ಥ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಭಾವ ಸ್ಪ್ಯಾನರ್ ತರಿಸಿಕೊಂಡು ಪ್ರೆಸ್ಸಿನ ಕೆಳಗೆ ತೂರಿ, ನಟ್ಟನ್ನು ತಿರುಗಿಸಿ, ಎಣ್ಣೆ ಬಿಟ್ಟು, "ಒತ್ತಿ ನೋಡು" ಅಂದರು.

ಒತ್ತಬೇಕಾಗಿಯೇ ಬರಲಿಲ್ಲ. ಕಾಲು ಇಟ್ಟೆ, ಅಚ್ಚು ಬಿತ್ತು. ಭಾವನ ಕೈಗೆ ಮಿಗಿಲಿಲ್ಲ.

"ಚೆನ್ನಾಗಾಯ್ತು" ಅಂದೆ. ಅವತ್ತು ಮೊದಲ ಸಲ ನನ್ನ ಪೀಸ್ ಪೂರ್ತಿಯಾಯಿತು.